ಒಳಗಿನ ಗೀರು

ಓರ್ತಾ ಬಂದರಿನ ಕಟ್ಟೆಯಲ್ಲಿ, ಹಾಯಿದೋಣಿಯವರು
ಬಳಿದುಹೋದ ಬಣ್ಣದ ಚಿತ್ರಗಳ ಪಕ್ಕ,
ನಮ್ಮ ಜಲಾಂತರ್ಗಾಮಿಯ ಗಾಜುಗುಮ್ಮಟ.
ಗಾಜಲ್ಲ, ಅಕ್ರಿಲಿಕ್. ಗೇಣಿಗೆರಡು ಬೆರಳು ಕಮ್ಮಿ ದಪ್ಪ.
ಒರೆಸುವವಳು ನಾನು, ಜುಲ್ಮೀರಾ.

ಮೊದಲು ಸೋಪುನೀರು, ಆಮೇಲೆ ಬರೀ ನೀರು,
ಆಮೇಲೆ ತೊಳೆದೂ ತೊಳೆದೂ ಮೆತ್ತಗಾದ ಹತ್ತಿಬಟ್ಟೆ.
ಸ್ಪಿರಿಟ್ ಮುಟ್ಟಿಸಕೂಡದು, ಸೀಳು ಬಿಡುತ್ತದೆ.
ಉಗುರು ಕತ್ತರಿಸಿರಬೇಕು. ಉಂಗುರ ಬಿಚ್ಚಿಡಬೇಕು.
ನಿಯಮದ ಹಾಳೆ ಬರೆದವಳೂ ನಾನೇ.

ನೀರಿಗಿಳಿದರೆ ಗುಮ್ಮಟ ಮಾಯ, ಎನ್ನುತ್ತಾನೆ ಬಾಲ್ತಜಾರ್,
ಅದನ್ನು ನಡೆಸುವವನು.
ನೀರೂ ಅದೂ ಬೆಳಕನ್ನು ಹೆಚ್ಚುಕಮ್ಮಿ ಒಂದೇ ತೆರ ಬಗ್ಗಿಸುತ್ತವಂತೆ,
ಅಂಚೇ ಕಣ್ಣಿಗೆ ಸಿಗದಂತೆ.
ಕೈ ಚಾಚಿದರೆ ಸಮುದ್ರಕ್ಕೇ ತಾಗೀತು ಅನ್ನಿಸುತ್ತದೆ,
ತಣ್ಣನೆ ಗೋಡೆ ಬೆರಳಿಗೆ ಬಡಿಯುವವರೆಗೆ.
ಚೆನ್ನಾಗಿ ಒರೆಸಿದ ದಿನ
ಒರೆಸಿದ್ದು ಯಾರಿಗೂ ಕಾಣುವುದಿಲ್ಲ.

ಆಗಸ್ಟಿನಲ್ಲಿ ಬ್ರೆಮೆನ್‌ನಿಂದ ಬಂದ ಡಾಕ್ಟರ್ ವೀಬ್ಕೆ
ಪೀಕೂ ದ್ವೀಪದ ತೆಂಕಣಕ್ಕೆ ಏಳು ಸಲ ಮುಳುಗಿದಳು.
ಎಂಟುನೂರು ಮೀಟರ್. ಆರು ದೀಪ, ಒಂದು ಸೋನಾರ್,
ಅಳತೆಗೆಂದು ಹತ್ತು ಸೆಂಟಿಮೀಟರ್ ಅಂತರದ ಎರಡು ಲೇಸರ್ ಚುಕ್ಕೆ,
ಗುಮ್ಮಟದೊಳಗೆ ಕಾಲೂರಿ ಕೂತ ಕ್ಯಾಮೆರಾ.

ಸಂಜೆ ಶೆಡ್ಡಿನಲ್ಲಿ ಕೋಸಿನ ಸೂಪು ಆರಲು ಬಿಟ್ಟು
ಒಂದೊಂದೇ ಚಿತ್ರಕ್ಕೆ ಹೆಸರು ಹಚ್ಚುತ್ತಿದ್ದಳು:
ಹವಳ, ಗಾಜುಸ್ಪಂಜು, ಹೆಸರಿಲ್ಲದ ಕಪ್ಪು ಮೀನು.
ಹನ್ನೊಂದು ಚಿತ್ರಗಳಲ್ಲಿ, ಬಲಗಡೆ, ಮೇಲೆ,
ಒಂದು ಬೆಳ್ಳನೆ ಎಳೆ. ಮಸುಕು. ತುಸು ಬಾಗಿದ್ದು.
ಸೈಫೋನೋಫೋರ್, ಎಂದು ಬರೆದಳು. ಪಕ್ಕಕ್ಕೊಂದು ಪ್ರಶ್ನಾರ್ಥಕ.
ಸಾವಿರ ಜೀವ ಸೇರಿ ಆದ ಹಗ್ಗ ಅದು, ಎಂದಳು ನನಗೆ,
ಒಂದು ಉಣ್ಣುತ್ತದೆ, ಒಂದು ಈಸುತ್ತದೆ, ಒಂದು ಬರೀ ಕುಟುಕುತ್ತದೆ.
ಸೂಪು ತಣ್ಣಗಾಗಿ ಕೆನೆಗಟ್ಟಿತ್ತು.

ಬಲಗಡೆ, ಮೇಲೆ.
ಆ ಜಾಗ ನನಗೆ ಗೊತ್ತು.
ಜುಲೈ ಇಪ್ಪತ್ತೆರಡು, ಆಸ್ಪತ್ರೆಯಿಂದ ಫೋನು:
ತಂಗಿಗೆ ಹೆಣ್ಣುಮಗು, ತಲೆತುಂಬ ಕೂದಲು.
ಕುಣಿಯುತ್ತಲೇ ಒರೆಸಿದ್ದೆ.
ಉಂಗುರ ಬಿಚ್ಚಿರಲಿಲ್ಲ.

ನಾಲ್ಕು ದಿನ ಬಾಯಿ ಬಿಡಲಿಲ್ಲ.
ಐದನೆಯ ದಿನ: ಅದು ಪ್ರಾಣಿಯಲ್ಲ, ಡಾಕ್ಟರೇ. ನಾನು.

ಬೈಯಲಿಲ್ಲ. ನಗಲೂ ಇಲ್ಲ.
ಹನ್ನೊಂದೂ ಚಿತ್ರ ತೆರೆದು ಹನ್ನೊಂದು ಹೆಸರು ಅಳಿಸಿದಳು.
ನಾಳೆ ನೀವೂ ಬನ್ನಿ, ಎಂದಳು, ಎಲ್ಲಿದೆ ತೋರಿಸಿ.

ಮೂವತ್ತು ಮೀಟರಿಗೇ ಕೆಂಪು ಸತ್ತು
ನನ್ನ ಜಾಕೆಟ್ಟು ಇದ್ದಿಲಾಯಿತು.
ಆರುನೂರಕ್ಕೆ ನೀಲಿಯೂ ಕೈಬಿಟ್ಟಿತು.
ಚಳಿ. ಮೂವರ ಉಸಿರು ಗುಮ್ಮಟಕ್ಕೆ ಹನಿಗಟ್ಟಿ ಇಳಿಯುತ್ತಿತ್ತು.
ಬಟ್ಟೆ ತಂದಿದ್ದೆ, ಒರೆಸುತ್ತ ಕೂತೆ.

ದೀಪ ಹಾಕಿದರೆ ಎದ್ದು ಕೂತಿತು ನನ್ನ ಗೀರು,
ಮದುವಣಗಿತ್ತಿಯ ಹಾಗೆ ಬೆಳ್ಳಗೆ.
ಇದೇ, ಎಂದೆ.
ಆಚೆಗೆ ಇನ್ನೊಂದು ಎಳೆ. ಅದೇ ಉದ್ದ, ಅದೇ ಬಾಗು.
ಇದೋ, ಅದೋ?
ವೀಬ್ಕೆ ಕತ್ತು ಆಚೀಚೆ ಮಾಡಿದಳು. ಬಾಲ್ತಜಾರ್ ಮಾತಾಡದೆ
ದೀಪ ಆರಿಸುತ್ತ ಬಂದ, ಒಂದು, ಎರಡು, ಆರು.
ಸೋನಾರಿನ ಪರದೆಗೆ ತನ್ನ ಟೊಪ್ಪಿ ಮುಚ್ಚಿದ.

ಕಣ್ಣು ತೆರೆದಿದೆಯೋ ಇಲ್ಲವೋ
ರೆಪ್ಪೆ ಮುಟ್ಟಿ ನೋಡಿಕೊಂಡೆ.

ಗೀರಿಗೆ ಸ್ವಂತ ಬೆಳಕಿಲ್ಲ. ಹೋಯಿತು.
ನಮ್ಮ ಪ್ರೊಪೆಲ್ಲರಿನ ಅಲೆ ಎಲ್ಲೋ ತಾಗಿರಬೇಕು,
ಕತ್ತಲಲ್ಲಿ ತುದಿಯಿಂದ ತುದಿಗೆ ನೀಲಿ ಹರಿಯಿತು,
ಸಾಲಾಗಿ ಮಲಗಿದ ಮಕ್ಕಳು ಒಬ್ಬರಿಗೊಬ್ಬರು
ಗುಟ್ಟು ದಾಟಿಸಿದ ಹಾಗೆ.
ಇನ್ನೊಮ್ಮೆ. ಆಮೇಲೆ ಇಲ್ಲ.

ಕ್ಯಾಮೆರಾ ಏನನ್ನೂ ಹಿಡಿಯಲಿಲ್ಲ.
ವೀಬ್ಕೆ ಕತ್ತಲಲ್ಲೇ ಬರೆದಳು, ಪೆನ್ಸಿಲಿನ ಸದ್ದು ಕೇಳುತ್ತಿತ್ತು.
ಮೇಲೆ ಬಂದು ನೋಡಿದರೆ ಸಾಲಿನ ಮೇಲೆ ಸಾಲು,
ಅವಳಿಗೇ ಓದಲಾಗದು.

ಗೀರು ತಿಕ್ಕಿ ತೆಗೆಯಲು ಮೂರು ದಿನ ಹಿಡಿಯಿತು.
ನಿಯಮದ ಹಾಳೆಗೆ ಒಂದು ಸಾಲು ಸೇರಿಸಿದ್ದೇನೆ:
ಖುಷಿಯ ಸುದ್ದಿ ಬಂದ ದಿನ ಒರೆಸಬೇಡಿ.
ಅದರಡಿ ವೀಬ್ಕೆ ಬಿಟ್ಟುಹೋದ ಪುಟ,
ಒಂದೇ ಮೊಳೆಗೆ ಎರಡೂ.